ಮುಳ್ಳು ನಿಲ್ಲುವ ತನಕ

ಕೈಲಾಂಚದ ಹತ್ತಿರ ನಾನು ಟೀಚರಾಗಿದ್ದ ಅಂಗನವಾಡಿಗೆ ಮಕ್ಕಳ ತೂಕ ನೋಡಲು ಬರುತ್ತಿದ್ದ ಸರ್ವೆ ಮೇಡಂಗೆ ಆತುರವೆಂಬುದೇ ಇರಲಿಲ್ಲ. ತೊಲೆಗೆ ತೂಕದ ಯಂತ್ರ ನೇತುಹಾಕಿ, ಜೋಲಿಯಲ್ಲಿ ಮಗು ಕೂರಿಸಿ, ಅದರ ಒದ್ದಾಟ ನಿಲ್ಲುವವರೆಗೂ ಕಾಯುವರು. ನಾನು ಅವಸರ ಮಾಡಿದರೆ, "ಒಸಿ ತಾಳಿ, ಮುಳ್ಳು ನಿಲ್ಲಲಿ" ಅನ್ನುವರು.

ಆ ಸಲ ನಮ್ಮಲ್ಲಿ ಮಕ್ಕಳ ಸರಾಸರಿ ತೂಕ ಏರಿತ್ತು. ಪರಿಶೀಲನೆಗೆ ಬಂದ ಅಧಿಕಾರಿಗೆ ಖುಷಿಯಾಯಿತು. "ಇನ್ನು ಇಲ್ಲಿಗೆ ಹೆಚ್ಚುವರಿ ಮೊಟ್ಟೆ ಬೇಡ, ನಿಲ್ಲಿಸೋಣ" ಎಂದು ಪೆನ್ನು ತೆಗೆದರು.

"ಏರಿದ್ದು ಯಾಕೆ ಗೊತ್ತಾ ಸಾರ್? ಎಲ್ಲರಿಗಿಂತ ಸಣಕಲಾಗಿದ್ದ ಮಗು ಹೋದ ತಿಂಗಳು ತೀರಿಕೊಂಡಿತು. ಈ ಲೆಕ್ಕದಲ್ಲಿ ಅವಳಿಲ್ಲ" ಎಂದ ಮೇಡಂ, ಖಾಲಿ ಜೋಲಿಯನ್ನು ಯಂತ್ರಕ್ಕೆ ಸಿಕ್ಕಿಸಿ, ಸತ್ತ ಮಗುವಿನ ಹೆಸರು ಹಿಡಿದು ಕೂಗಿದರು.

ಅಧಿಕಾರಿ ವಾಚು ನೋಡಿಕೊಂಡರು.

"ಒಸಿ ತಾಳಿ, ಮುಳ್ಳು ನಿಲ್ಲಲಿ."

ಗಾಳಿಯಿರಲಿಲ್ಲ. ಆದರೂ ಮುಳ್ಳು ನಡುಗುತ್ತಲೇ ಇತ್ತು. ಒಳಗಿಂದ ಯಾರೋ ಕಾಲು ಒದೆಯುತ್ತಿರುವ ಹಾಗೆ ಜೋಲಿ ತೂಗಾಡುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಆ ಮಗುವಿನ ತಾಯಿ ಮೆಲ್ಲಗೆ ಅಂದಳು: "ಇಳಿಸ್ರವ್ವಾ, ಕೂಸು ಅಳ್ತಾ ಐತೆ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಮೇಡಂ ಮಾತ್ರ ಯಾವತ್ತಿನ ಹಾಗೆಯೇ, ಕತ್ತು ಇರಬೇಕಾದ ಜಾಗಕ್ಕೆ ಅಂಗೈ ಕೊಟ್ಟು ಖಾಲಿ ಜೋಲಿಯನ್ನು ಎತ್ತಿ, ತಾಯಿಯ ಕೈಗೆ ಕೊಟ್ಟರು.