ಮಗ್ಗ ನಡೆದಾಗ ಜಗಳವಿಲ್ಲ

“ದೂರು ಆಮ್ಯಾಲೆ ಕೇಳ್ತೀನ್ರಿ. ನಿಮ್ಮಿಬ್ಬರ ನಡುವ ಛಲೋ ಇರೋದು ಏನೈತಿ, ಅದನ್ನ ಮೊದಲ ಹೇಳ್ರಿ” ಎಂದರು ಜಮಖಂಡಿಯ ಆಪ್ತಸಮಾಲೋಚಕಿ. ಬೀಳಗಿಯ ತವರಿಗೆ ಹೋಗಿಬಿಡುವುದೆಂದು ನಿಶ್ಚಯಿಸಿ, ದೂರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದ ನಾನು ಪಕ್ಕದಲ್ಲಿ ಕೂತಿದ್ದ ಗಂಡನ ಕಡೆ ನೋಡಿದೆ.

ನಮ್ಮ ಯಜಮಾನರು ಕತ್ತು ತುರಿಸಿಕೊಂಡು, “ಮಗ್ಗ ನಡದಾಗ ನಾವು ಎಂದೂ ಜಗಳಾಡಿಲ್ರಿ. ಕರೆಂಟ್ ಹೋದಾಗಷ್ಟ ಜಗಳ” ಎಂದರು.

ಖರೆ ಮಾತು. ಬನಹಟ್ಟಿಯ ನಮ್ಮ ಮನೆಯಲ್ಲಿ ಪವರ್‌ಲೂಮ್‌ಗಳ ಸದ್ದಿಗೆ ಒಬ್ಬರ ದನಿ ಇನ್ನೊಬ್ಬರಿಗೆ ಕೇಳುವುದಿಲ್ಲ. ಎಳೆ ಹರಿದರೂ, ಚಹಾ ಬೇಕಾದರೂ ಕೈಸನ್ನೆ ಮಾಡಿ, ತುಟಿ ಆಡಿಸಿಯೇ ಹೇಳಿಕೊಳ್ಳುತ್ತೇವೆ. ಅದಕ್ಕೇ ಆಗಾಗ ಒಬ್ಬರ ಮುಖ ಒಬ್ಬರು ನೋಡುತ್ತಲೇ ಇರುತ್ತೇವೆ.

ನಾನು ಇದನ್ನು ಹೇಳಿದಾಗ ಮೇಡಂ ನಗಲಿಲ್ಲ. “ಹಂಗಾದ್ರ ಇಲ್ಲೂ ದನಿ ತಗೀಲಾರದ ಮಾತಾಡ್ರಿ” ಎಂದರು. ಯಜಮಾನರು ನನ್ನ ಕಡೆ ತಿರುಗಿ ತುಟಿಯನ್ನಷ್ಟೇ ಆಡಿಸಿದರು. ಮೇಡಂಗೆ ಅದು ತಿಳಿಯಲಿಲ್ಲ. ನನಗೆ ತಿಳಿಯಿತು: ‘ಬೀಳಗಿಗೆ ಹೋಗಬ್ಯಾಡ.’

ಕರೆಂಟ್ ಈಗಲೂ ಹೋಗುತ್ತದೆ, ಜಗಳವೂ ಆಗುತ್ತದೆ. ಆದರೆ ದನಿ ಏರತೊಡಗಿದರೆ ಇಬ್ಬರಲ್ಲಿ ಒಬ್ಬರು ತುಟಿಯನ್ನಷ್ಟೇ ಆಡಿಸಲು ಶುರುಮಾಡುತ್ತೇವೆ. ಆಗ ಇನ್ನೊಬ್ಬರು ಮುಖ ನೋಡಲೇಬೇಕಾಗುತ್ತದೆ.