ಮಳೆ ಕಾಣದ ಕಾರು

ಜೆಪ್ಪುವಿನ ಮೋಹನದಾಸ ಶೆಟ್ಟರ ಅಜ್ಜಿಯ ಅಣ್ಣ ತ್ಯಾಂಪಣ್ಣ ಶೆಟ್ಟರು ಯುದ್ಧಕಾಲದಲ್ಲಿ ಪೆಟ್ರೋಲು ಸಿಗದಾಗ ಇದ್ದಿಲ ಹೊಗೆಯಲ್ಲೇ ಬಸ್ಸು ಓಡಿಸಿದವರು. ತಾಯಿಯ ತಮ್ಮ ಸಂಕಪ್ಪ ಶೆಟ್ಟರು, ನೇತ್ರಾವತಿಗೆ ಸೇತುವೆ ಇಲ್ಲದ ಕಾಲದಲ್ಲಿ, ಎರಡು ದೋಣಿ ಜೋಡಿಸಿ ಅದರ ಮೇಲೆ ಕಾರು ಏರಿಸಿ ಹೊಳೆ ದಾಟಿಸಿದವರು. ಅಂಥವರ ಅಳಿಯ ಮೋಹನದಾಸರ ಸಾಹಸ ಇನ್ನೂ ದೊಡ್ಡದು: ಇಪ್ಪತ್ಮೂರು ವರ್ಷ ಒಂದೇ ಕಾರನ್ನು ಮಳೆಗೆ ನೆನೆಯದಂತೆ ಕಾಪಾಡಿದ್ದು.

ಜಪಾನಿನ ಇಂಜಿನ್ನಿನ ಆ ಬಿಳಿ ಕಾರು ಮೇ ಕೊನೆಗೆ ಶೆಡ್ಡು ಸೇರಿದರೆ ಹೊರಬರುವುದು ನವರಾತ್ರಿಗೆ. ಅಲ್ಲಿಯವರೆಗೆ ಅದು ಟಾರ್ಪಾಲು ಹೊದ್ದು ಬಾಣಂತಿಯಂತೆ ಬೆಚ್ಚಗೆ ಮಲಗಿರುತ್ತದೆ. ಶೆಟ್ಟರು ಸಿಟಿ ಬಸ್ಸಿನಲ್ಲಿ ನೇತಾಡುತ್ತಾರೆ. ಕಡಲ ಗಾಳಿಗೆ ಊರವರ ಗಾಡಿಗಳೆಲ್ಲ ಅಡಿಯಿಂದ ತುಕ್ಕು ಹಿಡಿದರೆ ಇದರದ್ದು ಮದುಮಗಳ ಮೈ. ಇದೇ ಬಲದ ಮೇಲೆ ಶೆಟ್ಟರು ಕಾರುಗಳ ಜಾತಕ ಹೇಳುವ ಜೋಯಿಸರಾದರು. ಕೊರಿಯದ್ದು ಏಳು ವರ್ಷಕ್ಕೆ ಮುದಿ, ಜರ್ಮನಿಯದ್ದಕ್ಕೆ ಮದ್ದಿನ ಖರ್ಚು ಜಾಸ್ತಿ, ನಮ್ಮ ದೇಶದ್ದಕ್ಕೆ ಎಮ್ಮೆಯ ಗಟ್ಟಿತನ, ಎಮ್ಮೆಯದೇ ಬುದ್ಧಿ. ಬಾಳಿಕೆ ಏನಿದ್ದರೂ ಜಪಾನಿನದ್ದು. ನಡೆಯದವನ ಚಪ್ಪಲಿ ಸವೆಯುವುದು ಹೇಗೆ ಎಂದು ಮೆಕ್ಯಾನಿಕ್ ಸಮದ್ ಒಮ್ಮೆ ಕೇಳಿದ್ದಕ್ಕೆ ಶೆಟ್ಟರು ಗ್ಯಾರೇಜನ್ನೇ ಬದಲಿಸಿದರು.

ಈ ವರ್ಷ ಆಟಿ ತಿಂಗಳಲ್ಲಿ, ನಡು ಮಳೆಗಾಲಕ್ಕೆ, ತಂಗಿಯ ಮಗಳು ಸಂಚಿತಾ ಅತ್ತಾವರದ ಆಸ್ಪತ್ರೆಯಲ್ಲಿ ಹೆತ್ತಳು. ಅದೂ ಹೆಣ್ಣು, ತಾಯಿಯ ಕಡೆಯಿಂದ ಬೆಳೆಯುವ ಅಳಿಯಕಟ್ಟಿನ ಕುಟುಂಬ ಮುಂದುವರಿಸುವವಳು. ಶೆಟ್ಟರ ಕುಟುಂಬದಲ್ಲಿ ಮಗುವನ್ನು ಮೊದಲ ಸಲ ಮನೆಗೆ ತರುವುದು ಸೋದರಮಾವನ ಗಾಡಿಯೇ. ಸಂಕಪ್ಪ ಶೆಟ್ಟರ ಕಾಲದಿಂದ ನಡೆದು ಬಂದ ಕ್ರಮ. ಹೊರಗೆ ಮಳೆ ಹೊಯ್ಯುತ್ತಿತ್ತು. ಸಂಚಿತಾಳ ಗಂಡ ಶ್ರವಣನ ಕೊರಿಯದ ಕಾರು, ಆರು ವರ್ಷದಿಂದ ಶೆಟ್ಟರ ಬೈಗುಳ ತಿಂದದ್ದು, ಆಸ್ಪತ್ರೆಯ ಬಾಗಿಲಲ್ಲೇ ನಿಂತಿತ್ತು. ಮಗು ಅದರಲ್ಲಿ ಮನೆಗೆ ಬಂದರೆ ಶೆಟ್ಟರ ಮಾವತನಕ್ಕೂ ಜೋಯಿಸತನಕ್ಕೂ ಒಂದೇ ದಿನ ತಿಥಿ. ಶೆಟ್ಟರು ಟಾರ್ಪಾಲು ಎಳೆದು ಬಿಸಾಡಿದರು.

ಕಾರು ಆಸ್ಪತ್ರೆಗೇನೋ ಬಂತು. ಜೀವಮಾನದಲ್ಲೇ ಮೊದಲ ಸಲ ಮಳೆ ಕಂಡ ವೈಪರು ನಾಲ್ಕು ಸಲ ಕೈಬೀಸಿ ರಬ್ಬರು ಉದುರಿಸಿಕೊಂಡಿತು. ಶೆಟ್ಟರು ತಾಯಿ ಮಗುವನ್ನು ಹಿಂದೆ ಕೂರಿಸಿಕೊಂಡು, ದಾರಿ ಕಾಣಲು ಕಿಟಕಿಯಿಂದ ತಲೆ ಹೊರಹಾಕಿ ಹೊರಟರು. ನಂದಿಗುಡ್ಡದ ಏರಿನಲ್ಲಿ, ಸರಿಯಾಗಿ ಸ್ಮಶಾನದ ಹತ್ತಿರ, ಜಪಾನು ಪ್ರಾಣ ಬಿಟ್ಟಿತು. ಬಾನೆಟ್ ಎತ್ತಿದರೆ ಒಳಗೆ ಇಲಿಯ ಸಂಸಾರ. ಎರಡು ತಿಂಗಳಿನಿಂದ ವಯರುಗಳನ್ನೇ ಊಟ ಮಾಡಿದ್ದವು.

ಹಿಂದೆಯೇ ಬರುತ್ತಿದ್ದ ಶ್ರವಣ್ ಕೊಡೆ ಹಿಡಿದು ಹೆಂಡತಿ, ಮಗುವನ್ನು ತನ್ನ ಕಾರಿಗೆ ಹತ್ತಿಸಿದ. ನಗಲಿಲ್ಲ, ಅವನ ದೊಡ್ಡ ಗುಣ. ಆಮೇಲೆ ಮೆಲ್ಲಗೆ ಹೇಳಿದ: “ಮಾವ, ನನ್ನ ಹತ್ರ ಹಗ್ಗ ಉಂಟು. ನಿಮ್ಮ ಕಾರನ್ನೂ ಎಳ್ಕೊಂಡು ಹೋಗುವ. ಗೇಟಿನ ಹತ್ರ ಮಗುವನ್ನು ನಿಮ್ಮ ಕಾರಲ್ಲಿ ಕೂರಿಸಿ ಒಳಗೆ ದೂಡಿದ್ರೆ ಆಯ್ತು. ಕ್ರಮ ತಪ್ಪುದಿಲ್ಲ.”

ಶೆಟ್ಟರು ನೆನೆದ ಮೀಸೆ ಒರೆಸಿಕೊಂಡರು.

“ಬೇಡ ಮಾರಾಯ. ಮಗುವಿಗೆ ಶೀತ ಆಗ್ತದೆ, ನೀವು ಹೋಗಿ. ನನ್ನ ಕಾರಿಗೆ ಎಂತ ಸಹ ಆಗಲಿಲ್ಲ. ಕೊರಿಯದ ಬಾಲಕ್ಕೆ ಕಟ್ಟಿಸಿಕೊಂಡು ಜೆಪ್ಪುವಿಗೆ ಬಂದ್ರೆ ನಾಳೆಯಿಂದ ನಾನು ಯಾರಿಗೆ ಬುದ್ಧಿ ಹೇಳುದು?”