ಡಲ್ಸಿ ಆಂಟಿಯ ಆಶೀರ್ವಾದ

ಎಪ್ಪತ್ತಾರು ವರ್ಷದ ಡಲ್ಸಿ ಪೆಕ್ಕಮ್ ಆ ನೆಲದ ಮೂಲನಿವಾಸಿಗಳಾದ ವಿರಾಜುರಿ ಜನರ ಹಿರಿಯಳು. ಬರ್ರಾವಿನ್ ಪಟ್ಟಣದ ಕೌನ್ಸಿಲ್ ಯಾವ ಕಟ್ಟಡದ ರಿಬ್ಬನ್ ಕತ್ತರಿಸಿದರೂ ಅವಳನ್ನು ಕರೆಸಿ, ಅವಳ ಭಾಷೆಯಲ್ಲಿ ನಾಲ್ಕು ಸ್ವಾಗತದ ಮಾತು ಆಡಿಸಿ, ಫೋಟೋ ತೆಗೆಸಿ, ಒಂದು ಸ್ಯಾಂಡ್‌ವಿಚ್ ಕೊಟ್ಟು ಕಳಿಸುತ್ತಿತ್ತು. ಆಸ್ಪತ್ರೆಯಲ್ಲಿ ಅವಳು ಮೂವತ್ತು ವರ್ಷ ಬಟ್ಟೆ ಒಗೆಯುವಾಗ 'ಏಯ್ ಡಲ್ಸಿ' ಎಂದವರೆಲ್ಲ ಈಗ 'ಆಂಟಿ' ಎನ್ನುತ್ತಿದ್ದರು. ಅಲ್ಲಿ ಅದು ಹಿರಿಯರಿಗೆ ಸಲ್ಲುವ ಬಿರುದು. ಬಿರುದು ಕೊಡುವುದಕ್ಕೆ ಯಾರ ಗಂಟೇನು ಹೋಗುತ್ತದೆ?

ಅವಳಿಗೆ ಬೇಕಾಗಿದ್ದದ್ದು ಬಿರುದಲ್ಲ, ಲೈಬ್ರರಿಯ ಹಿಂದಿನ ಕೋಣೆ. ಬುಧವಾರ ಬುಧವಾರ ಅಲ್ಲಿ ಒಂಬತ್ತು ಮಂದಿಗೆ ಭಾಷೆ ಕಲಿಸುತ್ತಿದ್ದಳು. ಅದೇ ಭಾಷೆ ಆಡಿದ್ದಕ್ಕೆ ಅವಳ ತಾಯಿ ಮಿಷನ್ ಶಾಲೆಯಲ್ಲಿ ಬೆಲ್ಟಿನ ಏಟು ತಿಂದಿದ್ದಳು.

ಆ ಅಕ್ಟೋಬರಿನಲ್ಲಿ ಜನಮತಗಣನೆ ಬಂತು. ಈ ನೆಲದ ಮೊದಲ ಜನ ಇವರೇ ಎಂದು ಸಂವಿಧಾನದಲ್ಲಿ ಬರೆಯೋಣವೇ, ಇವರ ವಿಷಯದಲ್ಲಿ ಇವರ ಮಾತನ್ನೂ ಕೇಳೋಣವೇ ಎಂಬ ಪ್ರಶ್ನೆ. ದೇಶದಲ್ಲಿ ಹತ್ತಕ್ಕೆ ಆರು ಜನ ಬೇಡವೆಂದರು. ಬರ್ರಾವಿನ್ ಇನ್ನೂ ಉದಾರಿ, ಎಂಟು. ಮರುದಿನ ಬೇಕರಿಯಲ್ಲಿ ಬೇಡವೆಂದವರೆಲ್ಲ ಅವಳನ್ನು ತಬ್ಬಿಕೊಂಡು, ನಿಮ್ಮ ಮೇಲೇನೂ ಸಿಟ್ಟಿಲ್ಲ ಎಂದರು. ಬೇಕೆಂದವರು ಮಾತ್ರ ಮುಖ ತಪ್ಪಿಸಿಕೊಂಡು ಓಡಾಡಿದರು.

ಮೇಯರ್ ರಾಸ್ ಹ್ಯಾಲರನ್ ಗಾಳಿ ಬಂದಾಗ ತೂರಿಕೊಳ್ಳುವ ಪೈಕಿ. ಮತದಾನದ ಹಿಂದಿನ ದಿನದವರೆಗೆ 'ಹೌದು' ಬಿಲ್ಲೆಯನ್ನು ಕೋಟಿನ ಒಳಗಡೆ ಚುಚ್ಚಿಕೊಂಡಿದ್ದ. ನವೆಂಬರ್ ಸಭೆಗೆ ಅವನೇ ನಿರ್ಣಯ ತಂದ: ಸಭೆಯ ಮೊದಲಿಗೆ ಮೂಲ ಜನರಿಗೆ ಹೇಳುವ ನಮನ ರದ್ದು, ಅವರ ಸಲಹಾ ಸಮಿತಿ ರದ್ದು, ಹಿಂದಿನ ಕೋಣೆ ವೈನ್ ರುಚಿ ನೋಡುವ ಸಂಘಕ್ಕೆ. ಒಂದೇ ತೊಡಕು. ಹಿರಿಯರನ್ನು ಕೇಳದೆ ಆ ಕೋಣೆ ಮುಟ್ಟುವಂತಿಲ್ಲವೆಂದು ಕೌನ್ಸಿಲ್ಲಿನ ಹಳೇ ನಿಯಮವಿತ್ತು. ಇವರನ್ನು ಕೇಳಬೇಕಾಗಿಲ್ಲ ಎಂದು ದೇಶವೇ ತೀರ್ಪು ಕೊಟ್ಟ ಮರುತಿಂಗಳಲ್ಲೇ ಪಾಪ, ಅವನು ಕೇಳಬೇಕಾಗಿ ಬಂತು.

ಕೇಳಿದ ರೀತಿಯೂ ಚೆನ್ನಾಗಿತ್ತು. "ಆಂಟಿ, ನಿಮ್ಮದೇನೂ ತಕರಾರಿಲ್ಲ ತಾನೆ? ನಿಮ್ಮ ಭಾಷೇಲೇ ಒಂದ್ಮಾತು ಹೇಳ್ಬಿಡಿ, ಸಭೆಗೂ ಒಂದು ಕಳೆ ಬರುತ್ತೆ."

ಡಲ್ಸಿ ಎದ್ದು ನಿಂತಳು. "ವಿರಾಯ್," ಎಂದಳು. ಮೇಯರನ ಮುಖ ನೋಡಿ ಇನ್ನೊಮ್ಮೆ, ಬಿಡಿಸಿ, "ವಿ-ರಾಯ್."

ಸಭೆ ಚಪ್ಪಾಳೆ ತಟ್ಟಿತು. ಹದಿನೈದು ವರ್ಷ ಅವಳ ಸ್ವಾಗತ ಕೇಳಿದ ಮಂದಿ, ಒಂದು ಪದ ಕಲಿತಿದ್ದರೆ ಕೇಳಿ. ಎಷ್ಟು ಇಂಪಾದ ಭಾಷೆ ಎಂದು ಮೇಯರನ ಹೆಂಡತಿ ಕಣ್ಣೊರೆಸಿಕೊಂಡಳು. ನಿರ್ಣಯ ಪಾಸಾಯಿತು.

ನಡಾವಳಿಯಲ್ಲಿ ಬರೆಯಲು ಆ ಪದದ ಕಾಗುಣಿತ ಕೇಳಿಕೊಂಡು ಕೌನ್ಸಿಲ್ಲಿನ ಗುಮಾಸ್ತೆ ಪೌಲಾ ಬಾಗಿಲವರೆಗೂ ಹಿಂದೆ ಬಂದಳು.

"ಅದರರ್ಥ 'ಇಲ್ಲ' ಅಂತ ಕಣೇ," ಎಂದಳು ಡಲ್ಸಿ. "ನಮ್ಮ ಜನದ ಹೆಸರೇ ಅದರಿಂದ ಬಂದಿದ್ದು. 'ವಿರಾಯ್' ಅನ್ನೋರು ವಿರಾಜುರಿ. ಇನ್ನೂರು ವರ್ಷದಿಂದ ಆ ಹೆಸರು ಹಿಡಿದೇ ನಮ್ಮನ್ನ ಕರೀತಿದ್ದೀರಿ."

ಪೌಲಾ ಒಳ್ಳೆಯ ಹುಡುಗಿ, ಮುಖ ಕೆಂಪಗಾಯಿತು. "ಈ ಫಾರಮ್ಮಲ್ಲಿ ಅದನ್ನ ಬರೆಯೋಕೆ ಜಾಗ ಇಲ್ಲ ಆಂಟಿ. 'ಹಿರಿಯರನ್ನು ಕೇಳಲಾಯಿತು' ಅಂತ ಒಂದೇ ಇರೋದು. ಅದಕ್ಕೆ ಗುರುತು ಹಾಕಿಯಾಯ್ತು."

ನಡಾವಳಿ ಅಂಚೆಯಲ್ಲಿ ಬಂತು. ಆಂಟಿ ಡಲ್ಸಿ ಪೆಕ್ಕಮ್ ತಮ್ಮ ಭಾಷೆಯಲ್ಲಿ ಆಶೀರ್ವದಿಸಿದರು ಎಂದು ಅದರಲ್ಲಿತ್ತು.

ಬುಧವಾರ ಕೋಣೆಗೆ ಬೀಗ. ಒಂಬತ್ತು ಮಂದಿ ಲೈಬ್ರರಿಯ ಮೆಟ್ಟಿಲ ಮೇಲೆ ಪುಸ್ತಕ ಬಿಚ್ಚಿ ಕೂತರು. ನಮ್ಮ ಭಾಷೆಯಲ್ಲೇ ಆಡಿ ಎಂದು ಜೀವಮಾನವಿಡೀ ಬೇಡಿದ್ದ ಡಲ್ಸಿ ಅಂದು ತಾನೇ ಅದಕ್ಕೊಂದು ವಿನಾಯಿತಿ ಕೊಡಬೇಕಾಯಿತು.

"ಮನೇಲಿ, ಬೀದೀಲಿ, ಹೊಳೆ ಹತ್ರ, ಎಲ್ಲಾ ನಮ್ಮ ಭಾಷೇಲೇ ಆಡಿ," ಎಂದಳು. "ಇಲ್ಲ ಅನ್ನೋದನ್ನ ಮಾತ್ರ ಅವರ ಭಾಷೇಲಿ ಹೇಳಿ."